ತಾರೀಖಿಗೊಂದು ಶಾಲು

ನಮ್ಮ ಕೋಲಾರ ಜಿಲ್ಲೆಯಲ್ಲಿ ಮಳೆ ಇಲ್ಲದ ದಿನ ಬೇಕಾದಷ್ಟು ಸಿಗುತ್ತವೆ. ದಿನಾಚರಣೆ ಇಲ್ಲದ ದಿನ ಮಾತ್ರ ಸಿಗುವುದಿಲ್ಲ. ಒಂದು ಜಯಂತಿಯ ಫ್ಲೆಕ್ಸ್ ಬಿಚ್ಚಲು ಏಣಿ ಹತ್ತಿದ ಹುಡುಗ ಅದೇ ಏಣಿ ಮೇಲೆ ನಿಂತು ಮುಂದಿನ ಜಯಂತಿಯ ಫ್ಲೆಕ್ಸ್ ಕಟ್ಟುತ್ತಾನೆ. ಪಾಪ, ಅವನಿಗೆ ಕೆಳಗಿಳಿಯಲು ಪುರುಸೊತ್ತಿಲ್ಲ.

ಶಾಲೆಗಳಲ್ಲಂತೂ ಪ್ರಾರ್ಥನೆ ಮುಗಿದ ಕೂಡಲೇ 'ದಿನದ ವಿಶೇಷ'. ಎಂಟನೇ ಕ್ಲಾಸಿನ ಹುಡುಗಿ ಒಂದೇ ಉಸಿರಿಗೆ ಓದುತ್ತಾಳೆ. ಈ ದಿನ ಹುಟ್ಟಿದವರು, ಈ ದಿನ ತೀರಿಕೊಂಡವರು, ಈ ದಿನ ಕಂಡುಹಿಡಿದದ್ದು. ಹುಟ್ಟಿದವರಿಗೆ ಚಪ್ಪಾಳೆ. ತೀರಿಕೊಂಡವರಿಗೂ ಚಪ್ಪಾಳೆ.

ಕಷ್ಟ ಶುರುವಾಗುವುದು ಒಂದೇ ತಾರೀಖಿಗೆ ಇಬ್ಬರು ಬಂದಾಗ. ಅಕ್ಟೋಬರ್ 2 ನೋಡಿ. ಗಾಂಧೀಜಿ ಹುಟ್ಟಿದ್ದು 1869ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಗಳು 1904ರಲ್ಲಿ. ಮೇಜು ಒಂದೇ, ಫೋಟೊ ಎರಡು. ಗಾಂಧೀಜಿಗೆ ಸುಗಂಧರಾಜದ ಹಾರ, ಶಾಸ್ತ್ರಿಗಳಿಗೆ ಅದರಲ್ಲಿ ಉದುರಿದ ಹೂವು. ಶಾಸ್ತ್ರಿಗಳು ಯಾವತ್ತೂ ದೂರಿದವರಲ್ಲ, ಹಾಗಾಗಿ ಇಷ್ಟು ವರ್ಷ ನಡೆದುಕೊಂಡು ಬಂದಿದೆ.

ನನ್ನ ತಕರಾರು ಇರುವುದು ಫೆಬ್ರವರಿ 28ರ ಮೇಲೆ.

1928ರ ಆ ದಿನ ಕಲ್ಕತ್ತದಲ್ಲಿ ಸಿ.ವಿ. ರಾಮನ್ ಬೆಳಕಿನ ಗುಟ್ಟೊಂದನ್ನು ಹಿಡಿದರು. ಎರಡು ವರ್ಷಕ್ಕೆ ನೊಬೆಲ್ ಬಂತು. 1987ರಿಂದ ಆ ದಿನ ರಾಷ್ಟ್ರೀಯ ವಿಜ್ಞಾನ ದಿನ. ಕೆ.ಜಿ.ಎಫ್. ಕಡೆ ಇಂಥ ಒಂದು ಕಾರ್ಯಕ್ರಮಕ್ಕೆ ನನ್ನನ್ನೂ ಕರೆದಿದ್ದರು. ಹತ್ತು ಗಂಟೆಗೆ ಅಂತ ಕಾರ್ಡಿನಲ್ಲಿತ್ತು. ಮುಖ್ಯ ಅತಿಥಿಗಳು ಹನ್ನೆರಡೂವರೆಗೆ ಬಂದರು. ಅಲ್ಲಿಯವರೆಗೆ ಮಕ್ಕಳು ಸೋಡಾಪುಡಿ, ವಿನಿಗರ್ ಹಾಕಿ ಮಾಡಿದ ಜ್ವಾಲಾಮುಖಿಗಳು ಮೂರು ಸಲ ಉಕ್ಕಿ, ನಾಲ್ಕನೇ ಸಲಕ್ಕೆ ಸುಸ್ತಾಗಿ ಕೂತಿದ್ದವು.

ಫ್ಲೆಕ್ಸ್ ದೊಡ್ಡದಾಗಿತ್ತು. ಮೇಲೆ ಹಾಲಿ ನಾಯಕರು, ಕೆಳಗೆ ಮಾಜಿ ನಾಯಕರು, ಪಕ್ಕದಲ್ಲಿ ಮುಂದೆ ನಾಯಕರಾಗಲಿರುವವರು. ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ರಾಮನ್, ಪೇಟದ ಸಮೇತ. ಅಕ್ಷರ ಜೋಡಿಸಿದವನ ಕೈಯಲ್ಲಿ 'ನ್' ಹೋಗಿ 'ನ' ಆಗಿತ್ತು. 'ರಾಮನ ಪರಿಣಾಮ' ಅಂತ ದಪ್ಪಕ್ಷರದಲ್ಲಿ ನಿಂತಿತ್ತು. ಅತಿಥಿಗಳು ಓದಿದ್ದು ಅದನ್ನೇ. ಅರ್ಧ ಗಂಟೆ ಶ್ರೀರಾಮನ ಪರಿಣಾಮದ ಬಗ್ಗೆ ಮಾತಾಡಿದರು. ಲವಕುಶರು ಹುಟ್ಟಿದ್ದು ನಮ್ಮ ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲೇ ಎಂಬ ಸ್ಥಳಪುರಾಣ ನೆನಪಿಸಿ, ಜಿಲ್ಲೆಗೂ ವಿಜ್ಞಾನಕ್ಕೂ ಹಳೇ ನಂಟು ಅಂದರು. ಭಾಷಣ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ರಾಮನ್ ಅವರ ಆ ಉಪಕರಣಕ್ಕೆ ಸುಮಾರು 200 ರೂಪಾಯಿ ಖರ್ಚಾಗಿತ್ತು ಎನ್ನುತ್ತಾರೆ. ಅವತ್ತು ವೇದಿಕೆ ಮೇಲೆ ಹೊದಿಸಿದ ಶಾಲುಗಳನ್ನೇ ಎಣಿಸಿದರೂ ಸಾಕು, ಲೆಕ್ಕ ಅದನ್ನು ಎಲ್ಲೋ ದಾಟಿತ್ತು.

ನಡುವೆ ಕರೆಂಟ್ ಹೋಯಿತು. ಯಾರೂ ಗಾಬರಿಯಾಗಲಿಲ್ಲ, ಅಭ್ಯಾಸ. ನನಗೆ ಮಾತ್ರ ನಗು ಬಂತು. ಶಿವನಸಮುದ್ರದಿಂದ ಇದೇ ಗಣಿಗೆ ವಿದ್ಯುತ್ ಹರಿದದ್ದು 1902ರ ಜೂನ್ 30ಕ್ಕೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಅವರಿಗಿಂತ ಮೂರು ವರ್ಷ ಮೊದಲೇ ಬೆಳಕು ಕಂಡ ಊರಿನಲ್ಲಿ ನಾವು ಜನರೇಟರ್ ಹುಡುಗನನ್ನು ಹುಡುಕುತ್ತಾ ನಿಂತಿದ್ದೆವು. ಅವನು ಬಂಗಾರಪೇಟೆಯಲ್ಲಿ ಪಾನಿಪುರಿ ತಿನ್ನುತ್ತಿದ್ದನಂತೆ.

ಆ ಕತ್ತಲಲ್ಲೇ ನಾನು ಪಕ್ಕದ ಮೇಷ್ಟ್ರನ್ನು ಕೇಳಿದೆ. "ಸಾರ್, ಇವತ್ತೇ ಅಲ್ವಾ ಗಣಿ ಮುಚ್ಚಿದ್ದು?"

"ಹೌದೂರೀ, 2001. ಆದ್ರೆ ದಿನದ ವಿಶೇಷದಲ್ಲಿ ಅದಿಲ್ಲ."

ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆದ ಗಣಿ. ಎಂಟುನೂರು ಟನ್ನಿನಷ್ಟು ಚಿನ್ನ ಕೊಟ್ಟದ್ದು. ಮೂರು ಕಿಲೋಮೀಟರ್ ಆಳಕ್ಕೆ ಮನುಷ್ಯರನ್ನು ಇಳಿಸಿದ್ದು. ಅದಕ್ಕೆ ಬಾಗಿಲು ಹಾಕಿದ್ದು 2001ರ ಫೆಬ್ರವರಿ 28ಕ್ಕೆ. ಚಿನ್ನಕ್ಕೆ ಸಿಗುವ ಬೆಲೆಗಿಂತ ಅದನ್ನು ಮೇಲೆ ತರುವ ಖರ್ಚು ಜಾಸ್ತಿ ಎನ್ನುವುದು ಕಾರಣ. ಆಗ ಹತ್ತು ಗ್ರಾಮಿಗೆ ನಾಲ್ಕು ಸಾವಿರ ಚಿಲ್ಲರೆ ಇತ್ತು. ಈಗ ಲಕ್ಷ ದಾಟಿದೆ, ನಮ್ಮ ಮನೆಯವಳು ಒಡವೆ ಅಂಗಡಿ ಮುಂದೆ ಹೋಗುವಾಗ ಮುಖ ಆ ಕಡೆ ತಿರುಗಿಸುತ್ತಾಳೆ.

ಇದಿಷ್ಟೇ ಆಗಿದ್ದರೆ ಬಿಡಿ ಅನ್ನಬಹುದಿತ್ತು. ಅದೇ ದಿನ ದೆಹಲಿಯಲ್ಲಿ ಹಣಕಾಸು ಸಚಿವ ಯಶವಂತ ಸಿನ್ಹಾ ಬಜೆಟ್ ಓದಿದರು. ಹೊರದೇಶದಿಂದ ತರುವ ಚಿನ್ನದ ಸುಂಕ ಹತ್ತು ಗ್ರಾಮಿಗೆ 400 ರೂಪಾಯಿ ಇದ್ದದ್ದನ್ನು 250ಕ್ಕೆ ಇಳಿಸಿದರು. ಕಳ್ಳಸಾಗಣೆ ಕಡಿಮೆಯಾಗಲಿ ಅಂತ. ಒಂದೇ ದಿನ, ಸ್ವಾಮಿ! ಇಲ್ಲಿ ಮನೆ ಬಾವಿಗೆ ಮುಚ್ಚಳ, ಅಲ್ಲಿ ಹೊರಗಿನ ಬಿಂದಿಗೆಗೆ ರಿಯಾಯಿತಿ. ಎರಡು ಫೈಲೂ ಬೇರೆ ಬೇರೆ ಮೇಜಿನವು, ಒಂದಕ್ಕೊಂದು ಮುಖ ನೋಡಿರಲಾರವು. ಇತಿಹಾಸದಲ್ಲಿ ಈ ದಿನ ಅಂತ ಬರೆಯುವವರು ಇಂಥದ್ದನ್ನು ಬಿಟ್ಟು ಯಾವ ದೊರೆಗೆ ಯಾವತ್ತು ಪಟ್ಟ ಕಟ್ಟಿದರು ಅಂತ ಹುಡುಕುತ್ತಾರಲ್ಲ!

ವಿಜ್ಞಾನ ದಿನವೇ ಬೇಕು ಅಂದರೂ ಗಣಿ ಕೈಬಿಡುವುದಿಲ್ಲ. 1965ರಲ್ಲಿ ಇದೇ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಕೂತು ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣವನ್ನು ಹಿಡಿದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊದ ಜಾಡು ಜಗತ್ತಿನಲ್ಲಿ ಮೊದಮೊದಲು ಸಿಕ್ಕ ಜಾಗಗಳಲ್ಲಿ ಇದೂ ಒಂದು. ನ್ಯೂಟ್ರಿನೊ ಅಂದರೆ ಏನು ಅಂತ ಕೇಳಿದರೆ ನಮ್ಮೂರವರಿಗೆ ಹೇಳುವುದು ಸುಲಭ. ಅದು ನಾವು ಕೊಡುವ ಅರ್ಜಿ ಇದ್ದ ಹಾಗೆ. ಎಲ್ಲ ಕಚೇರಿ, ಎಲ್ಲ ಮೇಜು, ಎಲ್ಲ ಅಧಿಕಾರಿಗಳನ್ನೂ ದಾಟಿಕೊಂಡು ಹೋಗುತ್ತದೆ. ಯಾರಿಗೂ ತಗಲುವುದಿಲ್ಲ.

ಆ ಪ್ರಯೋಗದ ಬಗ್ಗೆ ವೇದಿಕೆಯಲ್ಲಿ ಒಂದು ಮಾತಿಲ್ಲ. ಕಾರ್ಯಕ್ರಮ ನಡೆದ ಜಾಗದಿಂದ ನೋಡಿದರೆ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದ ಸೈನೈಡ್ ಗುಡ್ಡ ಕಾಣುತ್ತಿತ್ತು. ಚಿನ್ನ ಹೋಯಿತು, ಅದರ ಧೂಳು ಉಳಿಯಿತು. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಗಣಿ ಕೆಲಸಗಾರರ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ಬರುತ್ತಾರೆ. ಅಪ್ಪಂದಿರು ಪಾಳಿಗೆ ಕೆಳಗಿಳಿಯುತ್ತಿದ್ದರು, ಮಕ್ಕಳು ಪಾಳಿಗೆ ಊರು ಬಿಡುತ್ತಾರೆ.

ಎಲ್ಲ ಯೋಚಿಸಿ ನಾನೇ ಒಂದು ದಾರಿ ಕಂಡುಕೊಂಡೆ. ಫೆಬ್ರವರಿ 28 ಕಿಕ್ಕಿರಿದಿದೆ, ಸರಿ. ಗಣಿ ಮುಚ್ಚಿದ ದಿನವನ್ನು 29ಕ್ಕೆ ದಾಟಿಸಿದರೆ ಹೇಗೆ? ನಾಲ್ಕು ವರ್ಷಕ್ಕೊಮ್ಮೆ ನೆನಪಿಸಿಕೊಂಡರೆ ಸಾಕು. ಹಾರದ ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ. 29ರಂದು ಹುಟ್ಟಿದ ದೊಡ್ಡವರು ಅಂದರೆ ನಮಗೆ ಗೊತ್ತಿರುವುದು ಮೊರಾರ್ಜಿ ದೇಸಾಯಿ. ಹದಿನಾಲ್ಕು ಕ್ಯಾರೆಟ್‌ಗಿಂತ ಮೇಲಿನ ಒಡವೆ ಮಾಡಬೇಡಿ ಅಂತ 1963ರಲ್ಲಿ ಅಕ್ಕಸಾಲಿಗರ ಹೊಟ್ಟೆ ಮೇಲೆ ಹೊಡೆದ ಹಣಕಾಸು ಸಚಿವರು ಅವರೇ. ಚಿನ್ನಕ್ಕೆ ಚಿನ್ನ ಜೋಡಿಯಾಗುತ್ತದೆ.

ಅರ್ಜಿ ಬರೆದೆ. ಒಂದು ಕಚೇರಿಗೆ ಕೊಂಡೊಯ್ದೆ. ಗುಮಾಸ್ತರು ಕನ್ನಡಕ ಏರಿಸಿ ಎರಡು ಸಲ ಓದಿದರು. ನಗಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿದರು, ಬೆರಳಲ್ಲಿ ಏನೋ ಎಣಿಸಿದರು.

"ಇದು ನಿಲ್ಲಲ್ಲ ಸಾರ್. 2001ರಲ್ಲಿ ಇಪ್ಪತ್ತೊಂಬತ್ತನೇ ತಾರೀಖೇ ಇರಲಿಲ್ಲ. ಆಡಿಟ್‌ನವರು ಹಿಡೀತಾರೆ."

"ಮತ್ತೇನು ಮಾಡೋದು ಸಾರ್?"

ಅವರು ಅರ್ಜಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು. "ಸುಮ್ನೆ ಇಟ್ಕೊಂಡಿರಿ. 2028ರಲ್ಲಿ ಇಪ್ಪತ್ತೊಂಬತ್ತು ಬರುತ್ತೆ. ಅದೇ ವರ್ಷ ವಿಧಾನಸಭೆ ಎಲೆಕ್ಷನ್ನೂ ಬರುತ್ತೆ. ಆಗ ನೀವು ಅರ್ಜಿ ಕೊಡೋದೇ ಬೇಡ, ಗಣಿ ತೆಗೀತೀವಿ ಅಂತ ಅವರೇ ನಿಮ್ಮ ಮನೆ ಬಾಗಿಲಿಗೆ ಬರ್ತಾರೆ."