ಹಂದಿ ಕೊಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿಯೇ ಮತ್ತೆ ತುಂಬಬೇಕೇ? ಪರ – ವಿರೋಧ

ಮಲೆನಾಡಿನಲ್ಲಿ ಆರೆಂಟು ತಾಯಿ ಹಂದಿ ಇಟ್ಟುಕೊಂಡವರು ಮರಿಗಳನ್ನು ತಂಡವಾಗಿ ಒಟ್ಟಿಗೆ ತುಂಬಿ, ಒಟ್ಟಿಗೆ ಹೊರಡಿಸಿ, ಅಂಕಣ ತೊಳೆದು ಒಣಗಿಸಿದ ಮೇಲೆಯೇ ಮುಂದಿನ ತಂಡ ಬಿಡಬೇಕೇ? ಕರುಳಿನ ಸೋಂಕು ತಡೆಯಲು ಇಷ್ಟು ಕಷ್ಟ ಪಡಬೇಕೇ ಎಂಬುದು ಪ್ರಶ್ನೆ.

ಪರ

ಭೇದಿ ಕಂಡ ಕೂಡಲೇ ಔಷಧಿ ಅಂಗಡಿಗೆ ಓಡುವ ಮೊದಲು ಮಲವನ್ನೊಮ್ಮೆ ಸರಿಯಾಗಿ ನೋಡಬೇಕು. ಹಾಲು ಬಿಡಿಸಿದ ಮೂರರಿಂದ ಹತ್ತು ದಿನದೊಳಗೆ ನೀರು ನೀರಾದ ಹಳದಿ ಭೇದಿಯಾದರೆ ಹೆಚ್ಚಾಗಿ ಅದು ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೆಲಸ. ಬೆಳೆಯುವ ಮರಿಗಳ ಮಲ ಹಸಿ ಸಿಮೆಂಟಿನಂತೆ ಹರಡಿಕೊಂಡು, ತಿಂದರೂ ಮೈ ಹಿಡಿಯದಿದ್ದರೆ ಲಾಸೋನಿಯಾ ಅಥವಾ ಬ್ರಾಕಿಸ್ಪೈರಾ ಎಂಬ ಬ್ಯಾಕ್ಟೀರಿಯಾ ಗುಂಪಿನ ಮೇಲೆ ಅನುಮಾನ ಪಡಬೇಕು. ಲೋಳೆ, ರಕ್ತ ಎರಡೂ ಬೆರೆತು ಬಂದರೆ ಬ್ರಾಕಿಸ್ಪೈರಾ ತರುವ ಹಂದಿಯ ರಕ್ತಭೇದಿ ಇರಬಹುದು. ನಾಲ್ಕು ತಿಂಗಳು ದಾಟಿದ, ನಿನ್ನೆವರೆಗೆ ಚೆನ್ನಾಗಿದ್ದ ಹಂದಿ ಬಿಳುಚಿಕೊಂಡು ಕಪ್ಪಗೆ ಅಂಟಂಟಾಗಿ ಹಾಕಿದರೆ ಲಾಸೋನಿಯಾದ ತೀವ್ರ ರೂಪವಿರಬಹುದು. ಖಚಿತವಾಗಬೇಕಾದರೆ ಪ್ರಯೋಗಾಲಯಕ್ಕೆ ಮಾದರಿ ಹೋಗಬೇಕು. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ.

ಹೆಸರು ಯಾವುದಾದರೂ ದಾರಿ ಒಂದೇ: ಮಲದಿಂದ ಬಾಯಿಗೆ, ಹೆಚ್ಚಾಗಿ ದೊಡ್ಡ ಹಂದಿಯಿಂದ ಚಿಕ್ಕದಕ್ಕೆ. ಮೂರು ತಿಂಗಳ ಮರಿ ಮಲಗಿದ್ದ ಜಾಗಕ್ಕೆ ಆರು ವಾರದ ಮರಿ ಬಿಟ್ಟರೆ, ತಾಯಿಯ ಹಾಲಿನ ರಕ್ಷಣೆ ಕಳೆದುಕೊಂಡ ಹೊತ್ತಿನಲ್ಲೇ ಅದು ಹಳೆಯ ರೋಗಾಣುವನ್ನು ದೊಡ್ಡ ಪ್ರಮಾಣದಲ್ಲಿ ನೆಕ್ಕುತ್ತದೆ. ರೋಗದ ಸರಪಳಿ ಕಡಿಯಬೇಕಾದ ಜಾಗ ಅದು.

ಖಾಲಿ ಬಿಡಲು ಜಾಗವೆಲ್ಲಿದೆ ಎನ್ನುವವರು ಈ ಲೆಕ್ಕ ನೋಡಲಿ. ಗರ್ಭ 114 ದಿನ, ಹಾಲು ಕುಡಿಸುವುದು 42 ದಿನ, ಬಿಡಿಸಿದ ಮೇಲೆ ಬೆದೆಗೆ ಬರಲು ನಾಲ್ಕರಿಂದ ಏಳು ದಿನ. ಒಟ್ಟು ಸುಮಾರು 163 ದಿನ. ತಾಯಿ ಹಂದಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮರಿಗಳನ್ನೆಲ್ಲ ಒಂದೇ ದಿನ ಬಿಡಿಸಿದರೆ ಆ ತಾಯಿಗಳು ಒಟ್ಟಿಗೇ ಬೆದೆಗೆ ಬಂದು, ಒಂದೇ ವಾರದಲ್ಲಿ ಮರಿ ಹಾಕುತ್ತವೆ. ಎರಡು ಗುಂಪುಗಳನ್ನು ಅರ್ಧ ಸುತ್ತಿನ ಅಂತರದಲ್ಲಿ ನಡೆಸಿದರೆ ಸುಮಾರು 81 ದಿನಕ್ಕೊಂದು ತಂಡ. ಈಯುವ ಅಂಕಣಕ್ಕೆ ತಾಯಿಯನ್ನು ವಾರ ಮೊದಲು ತಂದರೂ ಅದು ತುಂಬಿರುವುದು 49 ದಿನ. ಉಳಿದ ಒಂದು ತಿಂಗಳು ಖಾಲಿ. ಹಾಲು ಬಿಡಿಸಿದ ಮರಿಗಳ ಕೋಣೆ 42 ದಿನ ತುಂಬಿದ್ದರೆ ಸುಮಾರು 39 ದಿನ ಖಾಲಿ. ಹೊಸ ಕಟ್ಟಡವೇನೂ ಬೇಕಿಲ್ಲ.

ತೊಳೆಯುವುದಕ್ಕೊಂದು ಕ್ರಮವಿದೆ, ಎಲ್ಲರೂ ಎಡವುವುದು ಅಲ್ಲೇ. ಮೊದಲು ಒಣ ಕೆರೆತ: ಮಲ, ಹಾಸು, ತೊಟ್ಟಿಯ ಅಡಿಯ ಗಟ್ಟಿ ಪದರ ಎಲ್ಲ ಹೊರಗೆ. ಆಮೇಲೆ ಸೋಪಿನ ನೀರಿನಲ್ಲಿ ಕೆಲವು ಗಂಟೆ ನೆನೆಸಿ, ಲೀಟರಿಗೆ 40 ಗ್ರಾಂ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಿಂದ ನೆಲ, ಗೋಡೆಯ ಮೂರಡಿ, ನೀರು ಕುಡಿಯುವ ನಿಪ್ಪಲ್ಲಿನ ಹಿಂಭಾಗ ಉಜ್ಜಬೇಕು. ಮಲ ಉಳಿದ ಕಡೆ ಬ್ಲೀಚಿಂಗ್ ಪುಡಿ ಕೆಲಸ ಮಾಡುವುದಿಲ್ಲ. ಅದರ ಶಕ್ತಿಯೆಲ್ಲ ಮಲಕ್ಕೇ ಖರ್ಚಾಗುತ್ತದೆ. ನಂತರ ಒಣಗಿಸುವುದು, ಆಮೇಲೆ ಸೋಂಕುನಾಶಕ. ಚದರ ಮೀಟರಿಗೆ 300 ಮಿಲಿಲೀಟರ್ ದ್ರಾವಣ ಸಿಂಪಡಿಸುತ್ತೀರಿ ಎನ್ನಿ. ನೆಲದ ಮೇಲೆ ಬರೀ ಒಂದು ಮಿಲಿಮೀಟರ್ ನೀರು ನಿಂತಿದ್ದರೂ ಅದು ಚದರ ಮೀಟರಿಗೆ ಒಂದು ಲೀಟರ್, ನಿಮ್ಮ ಶೇ. 1ರ ದ್ರಾವಣ ಶೇ. 0.23ಕ್ಕೆ ಇಳಿಯಿತು. ದುಡ್ಡು ಕೊಟ್ಟು ತಂದದ್ದು ಚರಂಡಿಗೆ. ಕೊನೆಗೆ ಒಂದು ಕಿಲೋ ಸುಣ್ಣಕ್ಕೆ ಮೂರ್ನಾಲ್ಕು ಲೀಟರ್ ನೀರು ಸೇರಿಸಿ ಬಳಿದು, ಅದೂ ಪೂರ್ತಿ ಒಣಗಿದ ಮೇಲೆಯೇ ಮರಿ ಬಿಡಬೇಕು, ಇಲ್ಲದಿದ್ದರೆ ಗೊರಸು, ಮೊಲೆತೊಟ್ಟು ಸುಡುತ್ತವೆ.

ಇಷ್ಟೆಲ್ಲ ಮಾಡಿ, ಹಿಂದಿನ ತಂಡದ ಎರಡು ಬಡಕಲು ಮರಿಗಳನ್ನು "ಇನ್ನೊಂದು ತಿಂಗಳು ಇರಲಿ" ಎಂದು ಹೊಸ ತಂಡಕ್ಕೆ ಸೇರಿಸುವವರಿದ್ದಾರೆ. ಅವು ಬಡಕಲಾದದ್ದೇ ರೋಗದಿಂದ. ತೊಳೆದ ಕೆಲಸ ಅಲ್ಲಿಗೆ ಮುಗಿಯಿತು.

ಮೇವಿಗೆ ಔಷಧಿ ಬೆರೆಸಿ ದಿನ ದೂಡುವ ದಾರಿ ಕಿರಿದಾಗುತ್ತಿದೆ. ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಐರೋಪ್ಯ ಒಕ್ಕೂಟ 2022ರಲ್ಲಿ, ಭೇದಿ ತಡೆಯಲು ಔಷಧಿಯ ಪ್ರಮಾಣದಲ್ಲಿ ಜಿಂಕ್ ಆಕ್ಸೈಡ್ ಕೊಡುವುದನ್ನೂ ನಿಲ್ಲಿಸಿತು. ಪೊರಕೆ ಹಿಡಿಯುವುದನ್ನು ಯಾರೂ ನಿಷೇಧಿಸುವುದಿಲ್ಲ.

ವಿರೋಧ

ಲೆಕ್ಕ ಚಂದವಾಗಿದೆ, ಆದರೆ ಅರ್ಧಕ್ಕೇ ನಿಂತಿದೆ. 84 ದಿನದ ಮರಿ ಕೋಣೆ ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ? ಎಂಟು ತಿಂಗಳಿಗೆ ಮಾರುವುದಾದರೆ ಕೊಬ್ಬಿಸುವ ಅಂಕಣದಲ್ಲಿ ಇನ್ನೂ 156 ದಿನ ಇರಬೇಕು. ಎರಡು ಅಂಕಣಗಳನ್ನು ಸರದಿಯಂತೆ ಬಳಸಿದರೆ ಒಂದೊಂದಕ್ಕೆ 163 ದಿನ ಸಿಗುತ್ತದೆ; ತೊಳೆದು ಒಣಗಿಸಲು ಉಳಿಯುವುದು ಏಳೇ ದಿನ. ಅದೂ ಖರೀದಿದಾರ ಇಡೀ ತಂಡವನ್ನು ಒಂದೇ ದಿನ ಹೇರಿಕೊಂಡು ಹೋದರೆ. ತೀರ್ಥಹಳ್ಳಿ, ಹೊಸನಗರದ ಕಡೆ ಹಾಗೆ ನಡೆಯುವುದು ಅಪರೂಪ. ಭಾನುವಾರದ ಮಾರಾಟಕ್ಕೆ ಎರಡು, ಕ್ರಿಸ್‌ಮಸ್‌ಗೆ ಆರು, ತೂಕ ಬಂದವನ್ನು ಆರಿಸಿಕೊಂಡು ಹೋಗುತ್ತಾರೆ. ಉಳಿದ ನಾಲ್ಕನ್ನು ಎಲ್ಲಿಗೆ ಕಳಿಸುವುದು? ರಕ್ತಭೇದಿ, ಲಾಸೋನಿಯಾ ಹೆಚ್ಚು ಕಾಡುವುದು ಇದೇ ಬೆಳೆಯುವ ವಯಸ್ಸಿನಲ್ಲಿ. ಮರಿ ಕೋಣೆ ಫಳಫಳ ಹೊಳೆದರೂ ಅಲ್ಲಿಂದ ಹಳೆಯ ಅಂಕಣಕ್ಕೇ ಹೋಗುವುದು ತಪ್ಪುವುದಿಲ್ಲ.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರುತ್ತದೆ. ಜುಲೈನಲ್ಲಿ ಒಗೆದ ಬಟ್ಟೆಯನ್ನೇ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಊರಲ್ಲಿ ಸಿಮೆಂಟು ನೆಲ ಒಣಗುವುದೆಂತು? ಪರ ವಾದಿಗಳು ಕೊಟ್ಟ 0.23ರ ಲೆಕ್ಕ ನಮ್ಮ ಪಕ್ಷಕ್ಕೇ ಸಾಕ್ಷಿ. ರಕ್ತಭೇದಿಯ ಬ್ರಾಕಿಸ್ಪೈರಾ ಹಸಿ ಮಲದಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ವಾರ, 10 ಡಿಗ್ರಿಯ ಕೆಳಗೆ ಒಂದೂವರೆ ತಿಂಗಳು ಬದುಕುತ್ತದೆ. ಒಣಗಿದರೆ ಬೇಗ ಸಾಯುತ್ತದೆ. ನೆಲವನ್ನು ತೊಯ್ಯಿಸಿ ಹಸಿಯಾಗಿಯೇ ಬಿಡುವುದಕ್ಕಿಂತ, ಮಳೆಗಾಲದಲ್ಲಿ ಬರೀ ಕೆರೆದು, ಸುಣ್ಣದ ಪುಡಿ ತೆಳ್ಳಗೆ ಎರಚಿ, ಮೇಲೆ ಭತ್ತದ ಹೊಟ್ಟನ್ನು ದಪ್ಪಗೆ ಹಾಸುವುದು ಮೇಲು. ಎಳೆ ಮರಿಗಳಿಗೆ ಬರುವ ಬೇರೆಯೇ ಬಗೆಯ ರಕ್ತಭೇದಿಗೆ ಕಾರಣವಾಗುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೀಜಾಣು ತೊಳೆದರೂ ಒಣಗಿಸಿದರೂ ಸುಲಭಕ್ಕೆ ಸಾಯದು. ಸಾಲ್ಮೊನೆಲ್ಲಾ ಎಂಬ ಇನ್ನೊಂದು ಕರುಳಿನ ಬ್ಯಾಕ್ಟೀರಿಯಾ ಒಣ ದೂಳಿನಲ್ಲೂ ತಿಂಗಳುಗಟ್ಟಲೆ ಉಳಿಯುತ್ತದೆ. ತಾಯಿ ಹಂದಿಯಂತೂ ತನ್ನ ಕರುಳಲ್ಲೇ ಇವನ್ನು ಹೊತ್ತು ತೊಳೆದ ಅಂಕಣಕ್ಕೆ ಬರುತ್ತದೆ.

ಅದೇ ಕೂಲಿಯನ್ನು ಬೇರೆ ಕಡೆ ಹಾಕಿದರೆ ಹೆಚ್ಚು ಫಲ. ಮೊದಲನೆಯದು ಚರಂಡಿ. ದೊಡ್ಡ ಹಂದಿಗಳ ಗಲೀಜು ಮರಿಗಳ ಮುಂದೆ ಹರಿದು ಹೋಗುವಂತೆ ಇಳಿಜಾರು ಕೊಟ್ಟ ಶೆಡ್ಡುಗಳು ನಮ್ಮಲ್ಲಿ ಬೇಕಾದಷ್ಟಿವೆ. ಗುಡ್ಡದ ಬದಿಯಲ್ಲಿ ಕಟ್ಟುವಾಗ ಎತ್ತರದ ತುದಿ ಮರಿಗಳಿಗೆ, ತಗ್ಗಿನದು ದೊಡ್ಡವಕ್ಕೆ ಇರಬೇಕು. ಕೆಲಸವೂ ಅದೇ ದಿಕ್ಕಿನಲ್ಲಿ: ಮೊದಲು ಎಳೆಯವು, ಆಮೇಲೆ ದೊಡ್ಡವು, ಕಾಯಿಲೆಯವು ಕೊನೆಗೆ, ಮರಿಗಳ ಕಡೆಗೆ ಬೇರೆಯೇ ಬೂಟು, ಬೇರೆಯೇ ಸಲಿಕೆ. ಹೊರಗಿನಿಂದ ತಂದ ಹಂದಿಯನ್ನು ಒಂದು ತಿಂಗಳು ದೂರ ಇಡಬೇಕು, ಸಾಧ್ಯವಾದರೆ ಯಾವಾಗಲೂ ಒಬ್ಬರಿಂದಲೇ ಕೊಳ್ಳಬೇಕು. ಸಂತೆಯಲ್ಲಿ ನಾಲ್ಕು ಕಡೆಯ ಮರಿ ಒಟ್ಟು ಮಾಡಿ ತರುವವರು ನಾಲ್ಕು ಕಡೆಯ ರೋಗವನ್ನೂ ತರುತ್ತಾರೆ.

ಎರಡನೆಯದು ಹೊಟ್ಟೆಗೆ ಹಾಕುವುದು. ಶಿಕಾರಿಪುರದ ಕಡೆಯ ಮೆಕ್ಕೆಜೋಳವನ್ನು ಹಿಟ್ಟಿನ ಗಿರಣಿಗೆ ಕೊಟ್ಟು ನುಣ್ಣಗೆ ಬೀಸಿಸುವ ಅಭ್ಯಾಸ ಬಿಡಬೇಕು. ತರಿತರಿಯಾಗಿ ಒಡೆಸಿದ ಮೇವು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಂತು ಆಮ್ಲದಲ್ಲಿ ನೆನೆಯುತ್ತದೆ. ಸಾಲ್ಮೊನೆಲ್ಲಾಗೆ ಅದು ಒಗ್ಗದು. ನುಣ್ಣನೆಯದು ಬೇಗ ಜಾರಿಹೋಗುತ್ತದೆ, ಹೊಟ್ಟೆಹುಣ್ಣಿಗೂ ದಾರಿ ಮಾಡುತ್ತದೆ. ಹಾಲು ಬಿಡಿಸಿದ ಮೊದಲ ವಾರ ಹೊಸ ಮೇವನ್ನು ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಹಾಕಿ ಹಳೆಯದರಿಂದ ನಿಧಾನವಾಗಿ ಬದಲಿಸಬೇಕು. ಹೋಟೆಲಿನ ಮುಸುರೆಯನ್ನು ಅರ್ಧ ಗಂಟೆ ಕುದಿಸದೆ ಕೊಡಲೇಬಾರದು. ಮರಿ ಮಲಗುವ ಜಾಗ 28 ಡಿಗ್ರಿ ಆಸುಪಾಸು ಬೆಚ್ಚಗಿರಬೇಕು. ಆಷಾಢದ ಶೀತಗಾಳಿ ಸಂದಿಯಿಂದ ಬಡಿದರೆ ಕರುಳಿನ ಚಲನೆ ಕೆಟ್ಟು, ಇರುವ ಇ. ಕೋಲಿಯೇ ಮೇಲುಗೈ ಸಾಧಿಸುತ್ತದೆ. ಅಡಿಕೆ ಸೋಗೆಯ ತಟ್ಟಿಯೊಂದು ಅಡ್ಡ ಕಟ್ಟಿದರೂ ಸಾಕು.

ರಕ್ತಭೇದಿ ಒಮ್ಮೆ ಹೊಕ್ಕು ಬೇರೂರಿದರೆ ಮಾತ್ರ ಬೇರೆ ಮಾತು. ಆಗ ಪಶುವೈದ್ಯರ ಸಲಹೆಯಂತೆ ಇಡೀ ಕೊಟ್ಟಿಗೆ ಖಾಲಿ ಮಾಡಲೇಬೇಕಾಗಬಹುದು. ಅದಕ್ಕೆ ಮಾರ್ಚ್–ಏಪ್ರಿಲ್ ಸರಿ: ನೆಲ ಒಂದೇ ದಿನಕ್ಕೆ ಒಣಗುತ್ತದೆ, ಅಡಿಕೆ ಕೊಯ್ಲು ಮುಗಿದು ಆಳೂ ಸಿಗುತ್ತಾರೆ. ಆದರೆ ಹಂದಿ ಹೊರಡುವ ಮೊದಲೇ ಇಲಿಗಳಿಗೆ ಪಾಷಾಣ ಇಡಬೇಕು. ಮೇವು ನಿಂತ ಮರುದಿನವೇ ಇಲಿಗಳು ಮನೆ, ತೋಟ ಸೇರಿಕೊಳ್ಳುತ್ತವೆ. ಸೋಂಕು ತಗುಲಿದ ಸುಂಡಿಲಿ ರಕ್ತಭೇದಿಯನ್ನು ಆರು ತಿಂಗಳವರೆಗೂ ಹೊತ್ತು ತಿರುಗಿ, ಹೊಸ ತಂಡ ಬಂದಾಗ ಅದೂ ಮೇವಿಗೆ ವಾಪಸಾಗುತ್ತದೆ.