ಬಡವಾ, ನೀ ಅಳೆದಂಗಿರು

2021ರ ಒಂದು ಭಾನುವಾರ ನನ್ನ ಷಡ್ಡಕ ಫೋನ್ ಮಾಡಿ, ‘ತಿಂಡಿಗೆ ಬಾ, ಬರ್ತಾ ಅಳತೆ ಟೇಪು ತಗೊಂಡ್ ಬಾ’ ಅಂದ. ಉಪ್ಪಿಟ್ಟಿಗೂ ಟೇಪಿಗೂ ಏನು ಸಂಬಂಧವೋ ತಿಳಿಯದೆ ಹೋದೆ. ತಟ್ಟೆ ಖಾಲಿಯಾಗುವ ಮೊದಲೇ ಗೊತ್ತಾಯಿತು, ಅವನು ಬಡವನಾಗಲು ಹೊರಟಿದ್ದ.

ಮಗಳು ನೀಟ್ ಬರೆದಿದ್ದಳು. ಮೆಡಿಕಲ್‌ನ ಅಖಿಲ ಭಾರತ ಕೋಟಾದ ಸೀಟುಗಳಿಗೂ ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ದುರ್ಬಲರಾದವರ ಶೇ 10 ಮೀಸಲಾತಿ ಬಂದದ್ದು ಆ ವರ್ಷವೇ. ಷಡ್ಡಕನ ಮನೆಗೆ ಬರುವುದು ವರ್ಷಕ್ಕೆ 7.80 ಲಕ್ಷ, ಮಿತಿ ಎಂಟು ಲಕ್ಷ. ಇನ್‌ಕ್ರಿಮೆಂಟ್ ಕೊಡದ ಮ್ಯಾನೇಜರನಿಗೆ ನಾಲ್ಕು ವರ್ಷದಿಂದ ಶಾಪ ಹಾಕುತ್ತಿದ್ದವನು ಅವತ್ತು ಮೊದಲ ಸಲ ‘ದೇವರಂಥ ಮನುಷ್ಯ’ ಅಂದ. ಇನ್ನು ಉಳಿದದ್ದು ಫ್ಲ್ಯಾಟು. ಸಾವಿರ ಚದರಡಿ ಮುಟ್ಟಿತೆಂದರೆ ಆಸಾಮಿ ಬಡವನಲ್ಲ.

ಹಾಲ್ ಅಳೆದೆವು, ರೂಮು ಅಳೆದೆವು, ದೇವರ ಮನೆಯನ್ನು ಕೈಮುಗಿದು ಅಳೆದೆವು. ಕೂಡಿಸಿದರೆ 1,008. ಎಂಟು ಚದರಡಿ ಹೆಚ್ಚಾಯಿತು. ಒಂದು ಚಾಪೆ ಹಾಸಲೂ ಸಾಲದಷ್ಟು ಜಾಗ ನನ್ನ ಷಡ್ಡಕನನ್ನು ಶ್ರೀಮಂತನನ್ನಾಗಿ ಮಾಡಿಬಿಟ್ಟಿತ್ತು. ‘ಕಾರ್ಪೆಟ್ ಏರಿಯಾ ತಗೋಬೇಕೋ, ಬಿಲ್ಟಪ್ಪೋ?’ ಎಂದು ಅವನು ತಲೆ ಕೆರೆದುಕೊಂಡ. ಕಾರ್ಪೆಟ್ಟೇ ಇಲ್ಲದ ಮನೆಯಲ್ಲಿ ಕಾರ್ಪೆಟ್ ಏರಿಯಾದ ಮೇಲೆ ಅರ್ಧ ಗಂಟೆ ಚರ್ಚೆ ನಡೆಯಿತು. ಗೋಡೆ ಕೆರೆಸಿದರೆ ಹೇಗೆ ಅಂದಳು ನಾದಿನಿ. ಗೋಡೆ ಕೆರೆದರೆ ಒಳಗಿನ ಜಾಗ ಇನ್ನೂ ಹೆಚ್ಚುತ್ತದಮ್ಮಾ ಅಂದೆ. ಬಡತನದ ಇಂಜಿನಿಯರಿಂಗು ನಾವೆಣಿಸಿದಷ್ಟು ಸುಲಭವಲ್ಲ.

ಈ ಅಳತೆಯ ಮೂಲ ದೆಹಲಿಯಲ್ಲಿದೆ. 2019ರ ಜನವರಿ 8ರಂದು ಈ ಮೀಸಲಾತಿಯ ಸಂವಿಧಾನ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು, ಅವತ್ತೇ ರಾತ್ರಿ ಪಾಸಾಯಿತು. ಪರ 323, ವಿರೋಧ ಮೂರು. ರಾಜ್ಯಸಭೆಯ ಅಧಿವೇಶನವನ್ನು ಇದಕ್ಕೆಂದೇ ಒಂದು ದಿನ ಎಳೆದರು, ಅಲ್ಲಿ 165ಕ್ಕೆ ಏಳು. 12ಕ್ಕೆ ರಾಷ್ಟ್ರಪತಿಗಳ ಸಹಿ, 14ಕ್ಕೆ ಜಾರಿ. ಮನೆಗಳಲ್ಲಿ ಎಳ್ಳುಬೆಲ್ಲ ಬೆರೆಸಿ ಮುಗಿಯುವಷ್ಟರಲ್ಲಿ ಸಂವಿಧಾನಕ್ಕೂ ಬೆರೆಸಿ ಆಗಿತ್ತು. ಮಸೂದೆ ಮಂಡಿಸಿದ ಥಾವರ್‌ಚಂದ್ ಗೆಹಲೋತ್ ಮುಂದೆ ನಮ್ಮ ರಾಜಭವನಕ್ಕೇ ಬಂದರು, ಹಾಗಾಗಿ ಈ ಕಾನೂನಿನ ಜೊತೆ ನಮಗೆ ದೂರದ ನೆಂಟಸ್ತಿಕೆಯೂ ಇದೆ. ಸದನದಲ್ಲಿ ಗಂಟೆಗಟ್ಟಲೆ ಮಾತಾಯಿತು. ನ್ಯಾಯ, ಸಮಾನತೆ, ಚುನಾವಣೆ ಹತ್ತಿರ ಬಂತು ಅನ್ನುವ ಕುಹಕ, ಎಲ್ಲ ಇತ್ತು. ಆದರೆ ಬಡವ ಅಂದರೆ ಯಾರು ಅನ್ನುವುದು ಮಸೂದೆಯೊಳಗೆ ಇರಲಿಲ್ಲ. ಅದನ್ನು ಸರ್ಕಾರ ಆಮೇಲೆ ಹೇಳುತ್ತದೆ ಎಂದು ಬರೆದಿತ್ತು. ಹುಡುಗಿ ಯಾರೆಂದು ಧಾರೆಯಾದ ಮೇಲೆ ತಿಳಿಸುತ್ತೇವೆ ಅಂದ ಹಾಗೆ.

ಅದೇ ತಿಂಗಳು ಆದೇಶ ಹೊರಬಿತ್ತು. ಕುಟುಂಬದ ಆದಾಯ ಎಂಟು ಲಕ್ಷದೊಳಗಿರಬೇಕು, ಜಮೀನು ಐದು ಎಕರೆ ಮುಟ್ಟಬಾರದು, ಫ್ಲ್ಯಾಟಿನ ಗಡಿ ಸಾವಿರ ಚದರಡಿ. ಆಗ ಆದಾಯ ತೆರಿಗೆ ಶುರುವಾಗುತ್ತಿದ್ದದ್ದು ಎರಡೂವರೆ ಲಕ್ಷಕ್ಕೆ. ಅಂದರೆ ಒಂದು ಸಚಿವಾಲಯ ‘ಪಾಪ, ದುರ್ಬಲ’ ಎಂದು ತಲೆ ಸವರಿದವನ ಜೇಬಿಗೆ ಇನ್ನೊಂದು ಸಚಿವಾಲಯ ಕೈ ಹಾಕುತ್ತಿತ್ತು. ಈ ಎಂಟು ಲಕ್ಷ ಎಲ್ಲಿಂದ ಬಂತು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಕೇಳಿತು. ಸರ್ಕಾರ ಮೂವರ ಸಮಿತಿ ಮಾಡಿತು. ಸಮಿತಿ ಒಂದು ತಿಂಗಳು ಕೂತು ಎದ್ದು, ಎಂಟು ಲಕ್ಷ ಸರಿಯಾಗಿಯೇ ಇದೆ ಅಂದಿತು. ಉತ್ತರ ಮೊದಲು ಬರೆದು ಲೆಕ್ಕ ಆಮೇಲೆ ಮಾಡುವ ಈ ವಿದ್ಯೆ ನಮ್ಮ ಎಸ್ಸೆಸ್ಸೆಲ್ಸಿ ಹುಡುಗರಿಗೆ ಚೆನ್ನಾಗಿ ಗೊತ್ತು. ಮನೆ ಅಳೆಯುವುದು ಮಾತ್ರ ಬೇಡ ಎಂದು ಅದೇ ಸಮಿತಿ ಹೇಳಿತು, ಷಡ್ಡಕನ ಟೇಪು ಸುತ್ತಿಟ್ಟ ಮೇಲೆ.

ಇದೇ ಮೂರಕ್ಷರ ಹಿಡಿದುಕೊಂಡು ವಸತಿ ಯೋಜನೆಯ ಕೌಂಟರಿಗೆ ಹೋಗಿ ನೋಡಿ. ನಗರಗಳ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಇಡಬ್ಲ್ಯುಎಸ್ ಅಂದರೆ ಮೂರು ಲಕ್ಷದೊಳಗೆ. ಆರು ದಾಟಿದವನು ಮಧ್ಯಮ ವರ್ಗ. ಕಾಲೇಜಿನ ಕೌಂಟರಿನಲ್ಲಿ ಬಡವನಾಗಿದ್ದ ಷಡ್ಡಕ ರಸ್ತೆ ದಾಟಿ ಬ್ಯಾಂಕಿಗೆ ಹೋಗುವಷ್ಟರಲ್ಲಿ ಮಧ್ಯಮ ವರ್ಗಕ್ಕೆ ಬಡ್ತಿ ಪಡೆದಿರುತ್ತಾನೆ. ಆಗ ಆ ಯೋಜನೆಯಲ್ಲಿ ದುರ್ಬಲನಿಗೆ ಸಿಗುತ್ತಿದ್ದ ಮನೆಯ ಅಳತೆ 30 ಚದರ ಮೀಟರು, ಅಂದರೆ ಸುಮಾರು 323 ಚದರಡಿ. ಒಬ್ಬ ದುರ್ಬಲನ ಹಾಲ್‌ನಲ್ಲಿ ಇನ್ನೊಬ್ಬ ದುರ್ಬಲನ ಇಡೀ ಸಂಸಾರವನ್ನೇ ಕೂರಿಸಬಹುದು. ಕೊಡುವಾಗ ಪಾವು, ಅಳೆಯುವಾಗ ಕೊಳಗ.

ಇನ್ನು ರೇಷನ್ ಅಂಗಡಿಯ ಬಡವನೇ ಬೇರೆ. ನಮ್ಮ ರಾಜ್ಯದ ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.20 ಲಕ್ಷ ಮೀರಬಾರದು. ತಿಂಗಳಿಗೆ ಹತ್ತು ಸಾವಿರ ದುಡಿದರೆ ಬಡವ. ಯಜಮಾನರು ಖುಷಿಯಾಗಿ ನೂರು ರೂಪಾಯಿ ಏರಿಸಿದರೆ ಸಾಹುಕಾರ. ಅದೇ ಕಾರ್ಡಿಗೆ ಒಣಭೂಮಿ ಮೂರು ಹೆಕ್ಟೇರ್, ಅಂದರೆ ಸುಮಾರು ಏಳೂವರೆ ಎಕರೆವರೆಗೂ ಇರಬಹುದು. ಊರಿನಲ್ಲಿ ನನ್ನ ದೊಡ್ಡಪ್ಪನ ಮಗನಿಗೆ ಆರು ಎಕರೆ ಕಲ್ಲುನೆಲ ಇದೆ. ಮಳೆ ಬಂದರೆ ರಾಗಿ, ಬರದಿದ್ದರೆ ಸಾಲ. ರೇಷನ್ ಅಂಗಡಿಯಲ್ಲಿ ಅವನು ಕಡುಬಡವ. ಮಗನ ಕಾಲೇಜಿಗೆ ಇಡಬ್ಲ್ಯುಎಸ್ ಕೇಳಲು ಹೋದರೆ ಐದು ಎಕರೆ ಮೀರಿದ ಜಮೀನ್ದಾರ. ಏಳೆಂಟು ಲಕ್ಷ ಸಂಬಳದ ನನ್ನ ಷಡ್ಡಕ ದುರ್ಬಲ, ಇವನು ಪ್ರಬಲ. ಹಬ್ಬಕ್ಕೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತಾಗ ಯಾರಿಗೆ ಮೊದಲು ಬಡಿಸಬೇಕೆಂದು ನನಗಿನ್ನೂ ಬಗೆಹರಿದಿಲ್ಲ.

ಬಡವರನ್ನು ಹಿಡಿಯಲು ನಮ್ಮಲ್ಲಿ ಬೇರೆ ಬಲೆಗಳನ್ನೂ ಬೀಸಿ ನೋಡಿದ್ದಾರೆ. ಟಿವಿ, ಫ್ರಿಜ್, ಬೈಕ್ ಇದ್ದವರು ಕಾರ್ಡ್ ವಾಪಸ್ ಮಾಡಿ ಎಂದು 2021ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸಚಿವರು ಹೇಳಿದರು, ಗಲಾಟೆಯಾಗಿ ಕಾರ್ಡಿನ ಬದಲು ಮಾತು ವಾಪಸಾಯಿತು. 2024ರ ನವೆಂಬರಿನಲ್ಲಿ ಬೇರೆ ಸರ್ಕಾರ, ಅದೇ ಕಥೆ. ಕಾರ್ಡ್ ರದ್ದು, ಕೂಗು, ರದ್ದಾದದ್ದು ರದ್ದು.

ಕಾಯಿಲೆ ಬಿದ್ದರೂ ಮೊದಲು ನೋಡುವುದು ನಾಡಿಯನ್ನಲ್ಲ, ಕಾರ್ಡಿನ ಬಣ್ಣವನ್ನು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಸರ್ಕಾರದ್ದು, ಉಳಿದದ್ದು ನಿಮ್ಮದು. ಹದಿನಾರಾಣೆಯ ಹೃದಯದಲ್ಲಿ ಐದಾಣೆಗಿಂತ ತುಸು ಕಡಿಮೆ ಭಾಗವನ್ನು ಸರ್ಕಾರ ರಿಪೇರಿ ಮಾಡಿಸುತ್ತದೆ. ತಿಂಗಳಿಗೆ ಹತ್ತು ಸಾವಿರದ ನೂರು ದುಡಿಯುವವನೂ ಕಂಪನಿ ಡೈರೆಕ್ಟರನೂ ಇಲ್ಲಿ ಒಂದೇ ಸಾಲಿನಲ್ಲಿ ನಿಲ್ಲಬೇಕು. ಸಮಾನತೆ ಇನ್ನೆಲ್ಲಾದರೂ ಇದೆಯೋ ಇಲ್ಲವೋ, ಎಪಿಎಲ್‌ನಲ್ಲಂತೂ ಇದೆ. 2024ರಿಂದ ಎಪ್ಪತ್ತು ತುಂಬಿದವರಿಗೆ ಆದಾಯ ಕೇಳುವುದಿಲ್ಲವಂತೆ. ಅಲ್ಲಿಯವರೆಗೆ ಬೀಳದೆ ನಿಂತುಕೊಳ್ಳುವುದು ನಮ್ಮ ಕೆಲಸ.

ಹಾಗಂತ ದೆಹಲಿಯವರಿಗೆ ಶಾಲೆ, ಆಸ್ಪತ್ರೆ, ಮನೆಗಳ ಕಷ್ಟ ತಿಳಿಯದು ಎನ್ನುವುದು ತಪ್ಪಾಗುತ್ತದೆ. ಒಬ್ಬೊಬ್ಬ ಸಂಸದರಿಗೂ ವರ್ಷಕ್ಕೆ ಹತ್ತು ಮಕ್ಕಳನ್ನು ಕೇಂದ್ರೀಯ ವಿದ್ಯಾಲಯಕ್ಕೆ ಶಿಫಾರಸು ಮಾಡುವ ಕೋಟಾ ಇತ್ತು. ಹತ್ತು ಸೀಟು, ಅರ್ಜಿ ನೂರಾರು. 2022ರ ಮಾರ್ಚಿನಲ್ಲಿ ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಲೋಕಸಭೆಯಲ್ಲಿ ಈ ಸಂಕಟ ತೋಡಿಕೊಂಡರು, ಹೆಚ್ಚಿಸಿ, ಇಲ್ಲವೇ ತೆಗೆದೇ ಹಾಕಿ ಅಂದರು. ಪಕ್ಷಭೇದ ಮರೆತು ಸದನ ತಲೆಯಾಡಿಸಿದ ಅಪರೂಪದ ಗಳಿಗೆ ಅದು. ಏಪ್ರಿಲ್‌ನಲ್ಲಿ ಕೋಟಾ ಹೋಯಿತು. ಅಷ್ಟು ವರ್ಷ ಆ ಹತ್ತರಲ್ಲಿ ಒಂದಾಗಲು ಎಷ್ಟು ಚದರಡಿ, ಎಷ್ಟು ಎಕರೆ ಅಂತ ಯಾರೂ ಟೇಪು ಹಿಡಿದಿರಲಿಲ್ಲ, ಎಂಪಿ ಸಾಹೇಬರ ಆಪ್ತ ಸಹಾಯಕರ ಪರಿಚಯ ಎಷ್ಟು ಉದ್ದವಿದೆ ಎಂದು ಅಳೆದರೆ ಸಾಕಿತ್ತು. ಈಗ ಸಂಸದರ ಸಂಬಳ ತಿಂಗಳಿಗೆ 1.24 ಲಕ್ಷ. ಬಿಪಿಎಲ್‌ನವನ ವರ್ಷದ ಗಡಿ 1.20. ಬರೀ ನಾಲ್ಕು ಸಾವಿರದಲ್ಲಿ, ಅದೂ ಮೊದಲ ತಿಂಗಳಲ್ಲೇ, ಅವರ ಕಾರ್ಡು ಕೈತಪ್ಪಿತು. ವಾಸಕ್ಕೆ ಸರ್ಕಾರಿ ಬಂಗಲೆ ಇದೆ. ಅದರ ಕಾರ್ಪೆಟ್ ಏರಿಯಾದಲ್ಲಿ ನಿಜವಾಗಿಯೂ ಕಾರ್ಪೆಟ್ ಇರುತ್ತದೆ.

ಮತ್ತೆ ಮೂರಕ್ಷರಕ್ಕೆ ಬರುತ್ತೇನೆ, ಹೇಳಬೇಕಾದ ಮುಖ್ಯ ಮಾತೊಂದು ಉಳಿದಿದೆ. ಷಡ್ಡಕನ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಒಬ್ಬಾಕೆ ಹೂ ಮಾರುತ್ತಾಳೆ. ಮೊಳ ಮಲ್ಲಿಗೆಗೆ ಚೌಕಾಸಿ ಮಾಡಿಸಿಕೊಂಡು ಸಂಜೆ ಹೊತ್ತಿಗೆ ಮುನ್ನೂರು ಉಳಿದರೆ ಹೆಚ್ಚು. ಅವಳಷ್ಟು ಆರ್ಥಿಕ ದುರ್ಬಲರು ಆ ಬೀದಿಯಲ್ಲಿಲ್ಲ. ಆದರೆ ಅವಳ ಜಾತಿ ಹಿಂದುಳಿದವರ ಪಟ್ಟಿಯಲ್ಲಿದೆ, ಹಾಗಾಗಿ ಅವಳು ಬಡವಳು ಹೌದು, ಆರ್ಥಿಕವಾಗಿ ದುರ್ಬಲಳಲ್ಲ. ಪರಿಶಿಷ್ಟರು, ಹಿಂದುಳಿದವರು ಎಷ್ಟೇ ಬಡವರಾದರೂ ಈ ಶೇ 10ರ ಬಾಗಿಲಿನೊಳಗೆ ಬರುವಂತಿಲ್ಲ, ನಿಮಗೆ ನಿಮ್ಮ ಬಾಗಿಲಿದೆಯಲ್ಲ ಅನ್ನುವುದು ವಾದ. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಮೂರು-ಎರಡರಲ್ಲಿ ಇದನ್ನು ಎತ್ತಿಹಿಡಿಯಿತು. ಒಪ್ಪದ ಇಬ್ಬರಲ್ಲಿ ಒಬ್ಬರು ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್, ಅದು ಅವರ ಕೊನೆಯ ಕೆಲಸದ ದಿನ. ಇನ್ನೊಬ್ಬರು ರವೀಂದ್ರ ಭಟ್. ಬಡತನಕ್ಕೆ ಜಾತಿಯಿಲ್ಲ ಎಂದು ಸದನದಲ್ಲಿ ಚಪ್ಪಾಳೆ ಗಿಟ್ಟಿಸಿದ ಕಾನೂನೇ ಬಡತನಕ್ಕೆ ಜಾತಿ ಸರ್ಟಿಫಿಕೇಟ್ ಕೇಳುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಹಸನದಲ್ಲಿ ನಗು ಬಾರದ ಭಾಗ ಇದೊಂದೇ.

ಷಡ್ಡಕನ ಕಥೆ ಮುಗಿಸುತ್ತೇನೆ. ಕಚೇರಿಯಿಂದ ಒಬ್ಬರು ಅಳೆಯಲು ಬಂದರು. ನಾದಿನಿ ಕಾಫಿ ಕೊಟ್ಟಳು. ಇಲಾಖೆಯ ಬಟ್ಟೆ ಟೇಪು ಎಷ್ಟೋ ವರ್ಷ ಎಷ್ಟೋ ಜನ ಎಳೆದೆಳೆದು ಜಗ್ಗಿಹೋಗಿತ್ತು, ಅದರ ಒಂದಡಿ ನಮ್ಮ ಒಂದಡಿಗಿಂತ ಉದ್ದ. ಲೆಕ್ಕ 992ಕ್ಕೆ ನಿಂತಿತು. ಹತ್ತು ದಿನಕ್ಕೆ ಸರ್ಟಿಫಿಕೇಟ್ ಬಂತು, ಒಂದೇ ವರ್ಷದ ಸಿಂಧುತ್ವ. ಷಡ್ಡಕ ಅದನ್ನು ದೇವರ ಮುಂದಿಟ್ಟು, ಒಂದು ಕೆಜಿ ಮೈಸೂರು ಪಾಕ್ ತಂದು ಅಪಾರ್ಟ್‌ಮೆಂಟಿಗೆಲ್ಲ ಹಂಚಿದ. ಕೆಳಗಿಳಿದು ಹೂವಿನಾಕೆಗೂ ಕೊಟ್ಟ.

‘ಏನ್ ಸಾ ಇಸೇಸ?’ ಅಂದಳು.

‘ನಾವು ಬಡವರು ಅಂತ ಸರ್ಟಿಫಿಕೇಟ್ ಬಂತಮ್ಮ.’

ಅವಳು ಮೈಸೂರು ಪಾಕನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ‘ಅದೆಲ್ಲಿ ಮಾಡಿಸ್ದ್ರಿ ಸಾ, ನಂಗೂ ವಸಿ ಯೋಳಿ. ನಂದು ಕಾರ್ಡಿಗೆ ಅರ್ಜಿ ಆಕಿ ಮೂರ್ ವರ್ಸ ಆಯ್ತು.’

ಷಡ್ಡಕ ಡಬ್ಬಿ ತೆರೆದು ಅವಳಿಗೆ ಇನ್ನೊಂದು ತುಂಡು ಕೊಟ್ಟ.