ವಾಫಲ್ ಅಂಗಡಿ ಬಾಗಿಲು ಹಾಕಿತು, ಇನ್ನು ಓಡಿ!

2024ರ ಅಕ್ಟೋಬರ್ 7. ಮೆಕ್ಸಿಕೋ ಕೊಲ್ಲಿಯಲ್ಲಿ ಮಿಲ್ಟನ್ ಅನ್ನೋ ಚಂಡಮಾರುತ ಮೈಕೊಡವಿ ಎದ್ದಿತ್ತು. ಹಿಂದಿನ ದಿನ ಬೆಳಿಗ್ಗೆ ಅದಕ್ಕೆ ಚಂಡಮಾರುತ ಅಂತ ಕರೆಸಿಕೊಳ್ಳುವ ಯೋಗ್ಯತೆಯೂ ಇರಲಿಲ್ಲ, ಬರೀ ಬಿರುಗಾಳಿ. ಈಗ ನೋಡಿದರೆ ವೇಗ ಗಂಟೆಗೆ ಸುಮಾರು 290 ಕಿ.ಮೀ., ಐದನೇ ದರ್ಜೆ. ಆರನೇ ದರ್ಜೆ ಅಂತ ಒಂದಿಲ್ಲ, ಇದ್ದಿದ್ದರೆ ಬಡ್ತಿ ಸಿಗುತ್ತಿತ್ತು. ಮಯಾಮಿಯ ಹಿರಿಯ ಹವಾಮಾನ ತಜ್ಞ ಜಾನ್ ಮೊರಾಲೆಸ್ ಟೀವಿಯಲ್ಲಿ, ಹತ್ತು ಗಂಟೆಯಲ್ಲಿ 50 ಮಿಲಿಬಾರ್ ಒತ್ತಡ ಇಳಿದಿದೆ ಅಂತ ಹೇಳುತ್ತಾ ಗಂಟಲು ಕಟ್ಟಿ ನಿಂತುಬಿಟ್ಟರು. ಒತ್ತಡ ಇಳಿದಷ್ಟೂ ಚಂಡಮಾರುತಕ್ಕೆ ಬಲ. ಅದು ಬರುವ ದಾರಿಯಲ್ಲಿ ಫ್ಲೋರಿಡಾದ ಟ್ಯಾಂಪಾ ಇತ್ತು.

ಚಂಡಮಾರುತದ ಕಣ್ಣಿನೊಳಗೇ ವಿಮಾನ ನುಗ್ಗಿಸಿ ಉಷ್ಣಾಂಶ ಅಳೆದು ಬರುವ ದೇಶ ಅದು. ಉಪಗ್ರಹ ಉಂಟು, ಸೂಪರ್ ಕಂಪ್ಯೂಟರ್ ಉಂಟು, ಕೆಲವು ಗಂಟೆಗೊಮ್ಮೆ ಹೊಸ ಮುನ್ಸೂಚನೆ ಉಂಟು. ಅಂಥ ದೇಶದ ಜನ ಆ ದಿನ ಒಬ್ಬರನ್ನೊಬ್ಬರು ಏನು ಕೇಳುತ್ತಿದ್ದರು ಗೊತ್ತಾ? ‘ವಾಫಲ್ ಹೌಸ್ ತೆಗೆದಿದೆಯಾ?’

ವಾಫಲ್ ಹೌಸ್ ಅಂದರೆ ಹಗಲು ರಾತ್ರಿ ಬಾಗಿಲು ಹಾಕದ ತಿಂಡಿ ಅಂಗಡಿಗಳ ಸಾಲು. ಅಮೆರಿಕದ ದಕ್ಷಿಣದಲ್ಲಿ ಹೆದ್ದಾರಿಗೊಂದರಂತೆ ಸಿಗುತ್ತವೆ. ವಿಕೋಪ ನಿರ್ವಹಣಾ ಸಂಸ್ಥೆ ಫೆಮಾದ ಮುಖ್ಯಸ್ಥರಾಗಿದ್ದ ಕ್ರೇಗ್ ಫ್ಯೂಗೇಟ್ ಇದನ್ನೇ ಒಂದು ಮಾಪಕ ಮಾಡಿಬಿಟ್ಟರು. ಪೂರ್ತಿ ಮೆನು ಸಿಕ್ಕರೆ ಹಸಿರು. ಅರ್ಧ ಮೆನು ಸಿಕ್ಕರೆ ಹಳದಿ. ಅಂಗಡಿಯೇ ಮುಚ್ಚಿದ್ದರೆ ಕೆಂಪು, ಊರಿನ ಕಥೆ ಮುಗೀತು ಅಂತ ಲೆಕ್ಕ. ಮೂಲದಲ್ಲಿ ಇದು ಒಳ್ಳೆ ಉಪಾಯವೇ. ಗಾಳಿ ಹೊಡೆದು ಹೋದ ಮೇಲೆ ಯಾವ ಊರಿಗೆ ಮೊದಲು ನೆರವು ಬೇಕು ಅಂತ ತಿಳಿಯೋದಕ್ಕೆ. ಆದರೆ ಜನ ಅದನ್ನು ಗಾಳಿ ಬರುವುದಕ್ಕೆ ಮುಂಚೆಯೇ ಪಂಚಾಂಗದ ಥರ ನೋಡೋಕೆ ಶುರು ಮಾಡಿದರು. ಟ್ಯಾಂಪಾ ಮೇಯರ್ ಜೇನ್ ಕ್ಯಾಸ್ಟರ್ ಟೀವಿಯಲ್ಲಿ ನೇರವಾಗಿ, ತೆರವು ಮಾಡಲು ಹೇಳಿದ ಜಾಗದಲ್ಲೇ ಉಳಿದರೆ ಸಾಯ್ತೀರಿ ಅಂದರು. ಹಾಗಾ, ನೋಡೋಣ ಅಂತ ಕೆಲವರು ತಲೆ ಕೆರೆದುಕೊಂಡರು. ಆಮೇಲೆ ಆ ಕಡೆಯ ವಾಫಲ್ ಅಂಗಡಿಗಳು ಬಾಗಿಲು ಎಳೆದವು ಅಂತ ಸುದ್ದಿ ಬಂತು. ಅಯ್ಯಯ್ಯೋ, ಹಾಗಾದರೆ ನಿಜವೇ!

ಓಡೋದೇನು ಸುಲಭವಾ? ಹೆದ್ದಾರಿ ಜಾಮ್, ಬಂಕುಗಳಲ್ಲಿ ಪೆಟ್ರೋಲ್ ಖಾಲಿ. ಆದ್ದರಿಂದ ಬಹಳ ಜನ ಅಂಗಡಿಗೆ ಓಡಿದರು. ಚಂಡಮಾರುತಕ್ಕೆ ಅಮೆರಿಕ ನೈವೇದ್ಯ ಏನಿಡುತ್ತದೆ ಅಂತ ಪತ್ತೆ ಮಾಡಿದ್ದು ವಾಲ್‌ಮಾರ್ಟ್. 2004ರಲ್ಲಿ ಅವರು ಹಳೇ ಬಿಲ್‌ಗಳನ್ನೆಲ್ಲ ಕೆದಕಿ ನೋಡಿದರಂತೆ. ಬ್ಯಾಟರಿ, ಟಾರ್ಚು ಇರಲಿ, ಸ್ಟ್ರಾಬೆರಿ ಪಾಪ್ ಟಾರ್ಟ್ಸ್ ಅನ್ನೋ ಪ್ಯಾಕೆಟ್ ಸಿಹಿತಿಂಡಿ ಮಾಮೂಲಿಗಿಂತ ಏಳು ಪಟ್ಟು ಜಾಸ್ತಿ ಖರ್ಚಾಗಿತ್ತು. ಎಲ್ಲಕ್ಕಿಂತ ಮುಂದೆ ಬಿಯರ್. ಬೇಯಿಸುವ ಹಂಗಿಲ್ಲ, ಕರೆಂಟಿನ ಹಂಗಿಲ್ಲ ಅಂತ ಒಂದು ತರ್ಕವೂ ಇದೆ ಅನ್ನಿ. ಟ್ಯಾಂಪಾದಲ್ಲಿರುವ ನಮ್ಮ ಅಕ್ಕನ ಮಗಳು ಸೂಪರ್ ಮಾರ್ಕೆಟ್‌ನ ಖಾಲಿ ಕಪಾಟುಗಳ ಫೋಟೋ ಕಳಿಸಿ, ‘ಬ್ರೆಡ್ ಇಲ್ಲ, ನೀರಿಲ್ಲ, ಏನೂ ಇಲ್ಲ ಮಾಮಾ’ ಅಂತ ಅತ್ತಿದ್ದಳು. ಇಂಡಿಯನ್ ಸ್ಟೋರ್‌ಗೆ ಹೋಗಿದ್ಯಾ ಅಂದೆ. ಹೋದಳು. ಅಲ್ಲಿ ಅವಲಕ್ಕಿ ಮೂಟೆಗಟ್ಟಲೆ ಬಿದ್ದಿತ್ತಂತೆ, ಮೂಸಿ ನೋಡುವವರಿಲ್ಲ. ಮೊಸರಿದ್ದರೆ ಮೊಸರವಲಕ್ಕಿ, ಇಲ್ಲದಿದ್ದರೆ ಬೆಲ್ಲ ಹಾಕಿ ಕಲಸು. ಸುದಾಮನ ಕಾಲದಿಂದ ಒಲೆ ಬೇಡದ ಊಟ ಅದು. ಯಾವ ಕಂಪನಿಯ ಕಂಪ್ಯೂಟರಿಗೂ ಇನ್ನೂ ಹೊಳೆದಿಲ್ಲ.

ಇನ್ನು ನಂಬಿಕೆಯ ವಿಷಯ. ಟ್ಯಾಂಪಾ ಕೊಲ್ಲಿಗೆ ದೊಡ್ಡ ಚಂಡಮಾರುತ ನೇರವಾಗಿ ಬಡಿದದ್ದು 1921ರಲ್ಲಿ. ಆಮೇಲೆ ಬಂದದ್ದೆಲ್ಲ ಕೊನೇ ಗಳಿಗೆಯಲ್ಲಿ ಆ ಕಡೆಗೋ ಈ ಕಡೆಗೋ ಹೊರಳಿದೆ. ಯಾಕೆ ಅಂದರೆ, ಅಲ್ಲಿನ ಮೂಲನಿವಾಸಿಗಳಾದ ಟೋಕೊಬಾಗ ಜನ ಹಿಂದೆ ಕಟ್ಟಿದ ದಿಬ್ಬಗಳು ಊರನ್ನು ಕಾಯುತ್ತವೆ ಅನ್ನೋ ಮಾತಿದೆ. ಸಾಫ್ಟ್‌ವೇರ್ ಎಂಜಿನಿಯರು, ಡಾಕ್ಟರು, ರಿಯಲ್ ಎಸ್ಟೇಟ್ ಏಜೆಂಟು ಎಲ್ಲರ ಬಾಯಲ್ಲೂ ಬರುತ್ತದೆ. ಅರ್ಧ ತಮಾಷೆಗೆ, ಇನ್ನರ್ಧ ತಮಾಷೆಯಲ್ಲ. ಆ ಜನ ಈಗಿಲ್ಲ. ಯುರೋಪಿನವರು ಬಂದ ಮೇಲೆ ರೋಗಕ್ಕೂ ದಾಳಿಗೂ ಸಿಕ್ಕಿ ಅಳಿದುಹೋದರು. ದಿಬ್ಬಗಳಲ್ಲೂ ಎಷ್ಟೋ ಈಗಿಲ್ಲ. ಚಿಪ್ಪಿನ ದಿಬ್ಬ ರಸ್ತೆಗೆ ಹಾಕೋಕೆ ಚೆನ್ನಾಗಿರುತ್ತದೆ ಅಂತ ಅಗೆದು ಹಾಸಿಬಿಟ್ಟರು. ಕಾಯೋ ದೇವರನ್ನೇ ಜಲ್ಲಿ ಮಾಡಿ, ಅದರ ಮೇಲೆ ಕಾರು ಓಡಿಸುತ್ತಾ, ಸ್ವಾಮಿ ಕಾಪಾಡಪ್ಪಾ ಅನ್ನುವ ಭಕ್ತಿ ಇದು. 2019ರಲ್ಲಿ ನಮ್ಮ ಮುಜರಾಯಿ ಇಲಾಖೆ ಮಳೆ ಬರಲಿ ಅಂತ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮಕ್ಕೆ ಸುತ್ತೋಲೆ ಕಳಿಸಿದಾಗ ನಾವೆಲ್ಲ ಹಲ್ಲು ಕಿರಿದಿದ್ದೆವು. ಸುಮ್ನೆ ನಕ್ಕೆವು ಅನ್ಸುತ್ತೆ. ನಾವು ಕನಿಷ್ಠ ದೇವಸ್ಥಾನ ಉಳಿಸಿಕೊಂಡಿದ್ದೇವೆ.

ದೇವರ ಮೇಲೆ ನಂಬಿಕೆ ಇಲ್ಲದವರಿಗೆ ಪಿಸ್ತೂಲು ಉಂಟು. 2017ರಲ್ಲಿ ಇರ್ಮಾ ಬರುತ್ತಿದ್ದಾಗ ಯಾರೋ ಒಬ್ಬರು ಫೇಸ್‌ಬುಕ್‌ನಲ್ಲಿ, ಬನ್ನಿ ಎಲ್ಲರೂ ಸೇರಿ ಚಂಡಮಾರುತಕ್ಕೆ ಗುಂಡು ಹೊಡೆಯೋಣ ಅಂತ ಕರೆ ಕೊಟ್ಟರು. ತಮಾಷೆಗೇ ಇರಬೇಕು. ಆದರೆ ಸಾವಿರಾರು ಜನ ಬರ್ತೀವಿ ಅಂತ ಒತ್ತಿದರು. ಕೊನೆಗೆ ಟ್ಯಾಂಪಾ ಪಕ್ಕದ ಪಾಸ್ಕೊ ಕೌಂಟಿಯ ಶೆರಿಫ್ ಕಚೇರಿ, ಇರ್ಮಾಗೆ ಗುಂಡು ಹೊಡೆಯಬೇಡಿ, ಅದು ಹಿಂದಿರುಗಿ ಹೋಗುವುದಿಲ್ಲ ಅಂತ ಅಧಿಕೃತವಾಗಿ ಪ್ರಕಟಣೆ ಕೊಡಬೇಕಾಯಿತು. ಹೊಡೆದ ಗುಂಡು ಗಾಳಿಗೆ ಸಿಕ್ಕಿ ಹೇಗೆ ತಿರುಗಿ ನಿಮ್ಮ ತಲೆಗೇ ಬರಬಹುದು ಅಂತ ಚಿತ್ರವನ್ನೂ ಹಾಕಿದ್ದರು. ಇದು ಸಣ್ಣವರ ಕಥೆ. ದೊಡ್ಡವರು ಅಣುಬಾಂಬಿನ ಬಗ್ಗೆ ಯೋಚಿಸುತ್ತಾರೆ. ಬಾಂಬ್ ಹಾಕಿ ಚಂಡಮಾರುತ ಓಡಿಸಬಹುದಾ ಅಂತ ಜನ ಅದೆಷ್ಟು ಸಲ ಕೇಳಿದ್ದಾರೆಂದರೆ, ಹವಾಮಾನ ಸಂಸ್ಥೆ ನೋವಾ ಅದಕ್ಕೊಂದು ಸಿದ್ಧ ಉತ್ತರವನ್ನೇ ಬರೆದಿಟ್ಟಿದೆ. ಚಂಡಮಾರುತದ ಶಾಖದ ಮುಂದೆ ನಿಮ್ಮ ಬಾಂಬ್ ಏನೇನೂ ಅಲ್ಲ, ವಿಕಿರಣ ಮಾತ್ರ ಊರೂರಿಗೆ ಹರಡುತ್ತದೆ, ದಯವಿಟ್ಟು ಬೇಡ ಅಂತ.

ಇವೆಲ್ಲ ಇರಲಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಆಯುಧ ಮಾರ್ಕರ್ ಪೆನ್ನು.

2019ರ ಸೆಪ್ಟೆಂಬರ್‌ನಲ್ಲಿ ಡೋರಿಯನ್ ಬಂದಿತ್ತು. ಅಲಬಾಮಾಕ್ಕೂ ಹೊಡೆತ ಬೀಳುತ್ತೆ ಅಂತ ಅಧ್ಯಕ್ಷ ಟ್ರಂಪ್ ಟ್ವೀಟ್ ಮಾಡಿದರು. ಸ್ವಲ್ಪ ಹೊತ್ತಿಗೇ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಹವಾಮಾನ ಕಚೇರಿ, ಇಲ್ಲ ಸ್ವಾಮಿ, ಇಲ್ಲಿಗೆ ಏನೂ ಬರಲ್ಲ ಅಂತ ಜನರಿಗೆ ಹೇಳಿತು. ಅವರ ಕೆಲಸ ಅವರು ಮಾಡಿದರು. ಮೂರು ದಿನ ಬಿಟ್ಟು ಓವಲ್ ಆಫೀಸಿನಲ್ಲಿ ಅಧ್ಯಕ್ಷರು ಒಂದು ನಕ್ಷೆ ಎತ್ತಿ ತೋರಿಸಿದರು. ಚಂಡಮಾರುತದ ದಾರಿ ತೋರಿಸುವ ಬಿಳಿ ಶಂಕುವಿನ ತುದಿಗೆ, ಯಾರೋ ಕಪ್ಪು ಮಾರ್ಕರ್‌ನಲ್ಲಿ ಒಂದು ಡೊಂಕು ಗೆರೆ ಎಳೆದು ಅಲಬಾಮಾವನ್ನೂ ಒಳಗೆ ಸೇರಿಸಿದ್ದರು. ಒತ್ತುವರಿ ಅಂದರೆ ಇದು! ನಮ್ಮಲ್ಲಿ ಸರ್ವೆ ನಕ್ಷೆಯಲ್ಲಿ ಕೆರೆ ಮಾಯವಾಗುತ್ತೆ, ಅಲ್ಲಿ ಚಂಡಮಾರುತಕ್ಕೇ ಒಂದು ರಾಜ್ಯ ಮಂಜೂರಾಯಿತು. ಅದಾದ ಮೇಲೆ ನೋವಾ, ಸಹಿಯೇ ಇಲ್ಲದ ಒಂದು ಹೇಳಿಕೆ ಹೊರಡಿಸಿ ಬರ್ಮಿಂಗ್‌ಹ್ಯಾಮ್‌ನವರದ್ದೇ ತಪ್ಪು ಅನ್ನುವ ಹಾಗೆ ಮಾತಾಡಿತು. ಡೋರಿಯನ್ ಮಾತ್ರ ಆ ಗೆರೆಯನ್ನು ನೋಡಲೇ ಇಲ್ಲ.

ಐದು ವರ್ಷ ಬಿಟ್ಟು ಅದೇ ಥರದ ಪೆನ್ನು ಮತ್ತೆ ಬಂತು. ಮಿಲ್ಟನ್‌ಗಿಂತ ಮುಂಚೆ, 2024ರ ಸೆಪ್ಟೆಂಬರ್ 26ಕ್ಕೆ, ಹೆಲೀನ್ ಫ್ಲೋರಿಡಾಕ್ಕೆ ಅಪ್ಪಳಿಸಿತು. ಅಲ್ಲಿನ ಟೇಲರ್ ಕೌಂಟಿಯ ಶೆರಿಫ್ ಕಚೇರಿ ಊರು ಬಿಡದವರಿಗೆ ಒಂದು ಸೂಚನೆ ಕೊಟ್ಟಿತ್ತು. ನಿಮ್ಮ ಹೆಸರು, ಹುಟ್ಟಿದ ದಿನ ಎಲ್ಲ ಅಳಿಸದ ಮಾರ್ಕರ್‌ನಲ್ಲಿ ತೋಳಿನ ಮೇಲೋ ಕಾಲಿನ ಮೇಲೋ ಬರೆದುಕೊಳ್ಳಿ, ಹೆಣ ಗುರುತಿಸೋಕೆ ಅನುಕೂಲ. ಮೇಲಿನವರು ನಕ್ಷೆಯ ಮೇಲೆ ಬರೆಯುತ್ತಾರೆ, ಕೆಳಗಿನವರು ಮೈಮೇಲೆ ಬರೆದುಕೊಳ್ಳುತ್ತಾರೆ. ಪೆನ್ನಿನ ಕಂಪನಿಗೆ ಎರಡೂ ಕಡೆ ವ್ಯಾಪಾರ.

ಫ್ಲೋರಿಡಾ ಸರ್ಕಾರಕ್ಕೆ ಬರೆಯುವುದಕ್ಕಿಂತ ಅಳಿಸುವುದರಲ್ಲಿ ನಂಬಿಕೆ ಜಾಸ್ತಿ. ಗವರ್ನರ್ ರಾನ್ ಡಿಸಾಂಟಿಸ್ ಅದೇ ವರ್ಷ ಮೇ ತಿಂಗಳಲ್ಲಿ ಸಹಿ ಹಾಕಿದ ಕಾಯ್ದೆಯೊಂದು, ರಾಜ್ಯದ ಕಾನೂನುಗಳಲ್ಲಿ ‘ಹವಾಮಾನ ಬದಲಾವಣೆ’ ಅಂತಿದ್ದ ಕಡೆಯಲ್ಲೆಲ್ಲ ಹೆಚ್ಚುಕಮ್ಮಿ ರಬ್ಬರ್ ಆಡಿಸಿತು. ಜುಲೈ 1ರಿಂದ ಜಾರಿ. ಅಕ್ಟೋಬರ್‌ಗೆ ಮಿಲ್ಟನ್ ಬಂತು, ಆ ಹೊತ್ತಿಗೆ ಕೊಲ್ಲಿಯ ನೀರು 30 ಡಿಗ್ರಿ ದಾಟಿ ಬೆಚ್ಚಗೆ ಕಾದಿತ್ತು. ಬಿಸಿ ನೀರು ಚಂಡಮಾರುತಕ್ಕೆ ಮೇವು. ನೀರಿಗೆ ಗೆಜೆಟ್ ಓದುವ ಅಭ್ಯಾಸವಿಲ್ಲ, ಏನು ಮಾಡೋದು. ಅದೇ ಕಾಯ್ದೆ ಸಮುದ್ರದ ದಡದಲ್ಲಿ ಗಾಳಿಯಂತ್ರ ನಿಲ್ಲಿಸುವುದನ್ನೂ ನಿಷೇಧಿಸಿದೆ. ಹಾಗಾಗಿ ಫ್ಲೋರಿಡಾದ ಕಡಲ ಗಾಳಿಗೆ ದುಡಿಯೋಕೆ ಪರವಾನಗಿ ಇಲ್ಲ. ಬಂದು ಒಡೆದು ಹೋಗಬಹುದು, ಅದಕ್ಕೆ ಅಡ್ಡಿಯಿಲ್ಲ.

ಈಗ ಈ ಕಥೆಯ ನಿಜವಾದ ಖಳನಾಯಕನ ಹತ್ತಿರ ಬರೋಣ. ವಿಮೆ ಪತ್ರ.

ಫ್ಲೋರಿಡಾದಲ್ಲಿ ಮನೆ ವಿಮೆ ಗಾಳಿಗೆ ಉಂಟು, ಪ್ರವಾಹಕ್ಕೆ ಇಲ್ಲ. ಪ್ರವಾಹಕ್ಕೆ ಬೇರೆ ಪಾಲಿಸಿ, ಹೆಚ್ಚಾಗಿ ಕೇಂದ್ರ ಸರ್ಕಾರದ್ದು. ಚಂಡಮಾರುತ ಬರೋದು ಗಾಳಿಯನ್ನೂ ನೀರನ್ನೂ ಒಟ್ಟಿಗೇ ಹೊತ್ತುಕೊಂಡು. ಆದರೆ ಪರಿಶೀಲನೆಗೆ ಬಂದವರು ಮುರಿದ ಗೋಡೆ ನೋಡಿ ಕೇಳುವ ಮೊದಲ ಪ್ರಶ್ನೆ: ಇದನ್ನು ಕೆಡವಿದ್ದು ಗಾಳಿಯಾ, ನೀರಾ? ಗಾಳಿ ಮೊದಲು ಛಾವಣಿ ಹಾರಿಸಿ ಆಮೇಲೆ ಒಳಗೆ ಮಳೆ ಬಂದಿದ್ದರೆ ಒಂದು ಲೆಕ್ಕ. ಕಡಲೇ ಬಾಗಿಲು ಒದ್ದು ಒಳಗೆ ಬಂದಿದ್ದರೆ ಇನ್ನೊಂದು ಲೆಕ್ಕ. ರಾತ್ರಿ ಎರಡು ಗಂಟೆಗೆ, ಕರೆಂಟಿಲ್ಲದ ಮನೆಯಲ್ಲಿ, ಮಂಚದ ಮೇಲೆ ಮಕ್ಕಳನ್ನು ನಿಲ್ಲಿಸಿಕೊಂಡವನು ಯಾರು ಮೊದಲು ಬಂದರು ಅಂತ ಹಾಜರಿ ಹಾಕಿಕೊಂಡಿರಬೇಕು.

ಗಾಳಿಯೇ ಅಂತ ಸಾಬೀತಾದರೂ ಮುಗಿಯಲ್ಲ. ಚಂಡಮಾರುತಕ್ಕೆ ಬೇರೆಯೇ ಕಡಿತ ಇದೆ. ಸಾಮಾನ್ಯವಾಗಿ ಮನೆಯ ವಿಮೆ ಮೊತ್ತದ ಶೇಕಡಾ 2, 5 ಅಥವಾ 10. ಮನೆಗೆ 4 ಲಕ್ಷ ಡಾಲರ್ ವಿಮೆ, ಶೇ. 5ರ ಕಡಿತ ಅಂದುಕೊಳ್ಳಿ. ಮೊದಲ 20 ಸಾವಿರ ಡಾಲರ್ ನಿಮ್ಮ ಜೇಬಿನಿಂದಲೇ. ಹೋಗಲಿ, ಈಗಲೇ ಒಂದು ಒಳ್ಳೆ ಪಾಲಿಸಿ ಮಾಡಿಸೋಣ ಅಂದರೆ, ಚಂಡಮಾರುತ ಹತ್ತಿರ ಬಂತು ಅಂದಕೂಡಲೇ ಕಂಪನಿಗಳು ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸುತ್ತವೆ. ಅದು ವ್ಯಾಪಾರ, ಅರ್ಥವಾಗುತ್ತೆ. ಪ್ರವಾಹದ ಸರ್ಕಾರಿ ಪಾಲಿಸಿ ಇವತ್ತು ದುಡ್ಡು ಕಟ್ಟಿದರೆ ಸಾಮಾನ್ಯವಾಗಿ 30 ದಿನ ಬಿಟ್ಟು ಜಾರಿಗೆ ಬರುತ್ತದೆ. ಮಿಲ್ಟನ್ ಹುಟ್ಟಿದ್ದು ಅಕ್ಟೋಬರ್ 5ಕ್ಕೆ, ದಡ ಮುಟ್ಟಿದ್ದು 9ಕ್ಕೆ. ಸ್ವಲ್ಪ ನಿಧಾನಕ್ಕೆ ಬಾರಪ್ಪಾ ಅಂತ ಕೇಳಿಕೊಳ್ಳಬೇಕಿತ್ತು.

ಈ ಮಧ್ಯೆ ಹೆಲೀನ್ ಒಡೆದು ಹಾಕಿದ ಸೋಫಾ, ಫ್ರಿಜ್ಜು, ಒದ್ದೆ ಹಾಸಿಗೆ ಎಲ್ಲ ಇನ್ನೂ ಟ್ಯಾಂಪಾ ಸುತ್ತಿನ ರಸ್ತೆ ಬದಿಯಲ್ಲೇ ಗುಡ್ಡೆ ಬಿದ್ದಿತ್ತು. ಮಿಲ್ಟನ್ ಬಂದರೆ ಒಂದೊಂದು ಫ್ರಿಜ್ಜೂ ಒಂದೊಂದು ಕ್ಷಿಪಣಿ. ಹಗಲು ರಾತ್ರಿ ಕಸ ಸಾಗಿಸಿ ಅಂತ ಗವರ್ನರ್ ಆದೇಶವಾಯಿತು. ಲಾರಿಗಳು ಹೋದವು. ಒಂದು ಕಸದ ಯಾರ್ಡಿನ ಗೇಟಿಗೆ ಬೀಗ! ಆಮೇಲೆ ಪೊಲೀಸರು ಗೇಟಿಗೆ ಹಗ್ಗ ಕಟ್ಟಿ, ಗಾಡಿಗೆ ಬಿಗಿದು ಎಳೆದು ಕಿತ್ತರಂತೆ. ಇದನ್ನು ಗವರ್ನರೇ ಹೆಮ್ಮೆಯಿಂದ ಹೇಳಿಕೊಂಡರು. ಚಂಡಮಾರುತ ಬರುವುದಕ್ಕೆ ಮುಂಚೆಯೇ ಮೊದಲ ಗೇಟು ಹಾರಿತ್ತು.

ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಮೂರನೇ ದರ್ಜೆಗೆ ಇಳಿದು ಸಿಯೆಸ್ಟಾ ಕೀ ಹತ್ತಿರ, ಅಂದರೆ ಟ್ಯಾಂಪಾಗಿಂತ ದಕ್ಷಿಣಕ್ಕೆ, ದಡ ಹತ್ತಿತು. ಕೊಲ್ಲಿಗೆ ನುಗ್ಗಬೇಕಿದ್ದ ನೀರು ಹಿಂದಕ್ಕೆ ಸರಿಯಿತು. ದಿಬ್ಬಗಳಿಗೆ ಮತ್ತೊಮ್ಮೆ ಜೈಕಾರ. ಟ್ಯಾಂಪಾ ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನ ಟ್ರಾಪಿಕಾನಾ ಫೀಲ್ಡ್ ಕ್ರೀಡಾಂಗಣದಲ್ಲಿ ಪರಿಹಾರ ಕೆಲಸದವರಿಗೆ ಅಂತ ಸಾಲು ಸಾಲು ಮಂಚ ಹಾಕಿದ್ದರು. ಆ ಛಾವಣಿ ತಡೆಯುವುದು ಗಂಟೆಗೆ 115 ಮೈಲಿ ಗಾಳಿಯನ್ನು ಮಾತ್ರ ಅಂತ ಯಾರಿಗೋ ಹೊತ್ತಿಗೆ ಸರಿಯಾಗಿ ನೆನಪಾಗಿ ಜನರನ್ನು ಬೇರೆ ಕಡೆ ಸಾಗಿಸಿದರು, ಪುಣ್ಯ. ಬೆಳಗಾದಾಗ ಬಟ್ಟೆಯ ಛಾವಣಿ ಚಿಂದಿಯಾಗಿ ಆಕಾಶ ಕಾಣುತ್ತಿತ್ತು.

ಆದರೆ ಆ ದಿನದ ಸಾವುಗಳಲ್ಲಿ ಒಂದು ದೊಡ್ಡ ಪಾಲು ಬಿದ್ದದ್ದು ರಾಜ್ಯದ ಇನ್ನೊಂದು ತುದಿಯಲ್ಲಿ. ಅಟ್ಲಾಂಟಿಕ್ ಕಡೆಯ ಸೇಂಟ್ ಲೂಸಿ ಕೌಂಟಿಯಲ್ಲಿ, ನಿವೃತ್ತರ ಒಂದು ಬಡಾವಣೆಗೆ ಮಿಲ್ಟನ್‌ನ ಮುಂಗೈಯಲ್ಲಿದ್ದ ಸುಂಟರಗಾಳಿ ನುಗ್ಗಿ ಆರು ಜನರನ್ನು ಕೊಂದಿತು. ಮಿಲ್ಟನ್ ದಡ ಮುಟ್ಟೋಕೆ ಇನ್ನೂ ಕೆಲವು ಗಂಟೆ ಇತ್ತು. ಟೀವಿಯವರೆಲ್ಲ ಟ್ಯಾಂಪಾ ಕಡೆ ರೈನ್‌ಕೋಟ್ ಹಾಕಿಕೊಂಡು ನಿಂತಿದ್ದರು.

2025ರ ವಸಂತದಲ್ಲಿ ವಿಶ್ವ ಹವಾಮಾನ ಸಂಸ್ಥೆ ಮಿಲ್ಟನ್ ಹೆಸರನ್ನು ಪಟ್ಟಿಯಿಂದ ಶಾಶ್ವತವಾಗಿ ತೆಗೆದುಹಾಕಿತು. ತುಂಬಾ ಜನರನ್ನು ಕೊಂದ, ತುಂಬಾ ಹಾಳು ಮಾಡಿದ ಚಂಡಮಾರುತಗಳಿಗೆ ಸಿಗುವ ಮರ್ಯಾದೆ ಅದು. ಅದರ ಜಾಗಕ್ಕೆ ಮಿಗೆಲ್ ಅಂತ ಹೊಸ ಹೆಸರು ಬಂದಿದೆ. ಪಟ್ಟಿ ಆರು ವರ್ಷಕ್ಕೊಮ್ಮೆ ತಿರುಗುತ್ತದೆ, ಅಂದರೆ ಮಿಗೆಲ್ ಸರದಿ 2030ಕ್ಕೆ. ಪ್ರವಾಹದ ಪಾಲಿಸಿ ಬೇಕಾದವರಿಗೆ ಈ ಸಲ 30 ದಿನಕ್ಕಿಂತ ಸ್ವಲ್ಪ ಜಾಸ್ತಿಯೇ ಟೈಮ್ ಸಿಕ್ಕಿದೆ.